ಮಂಡಿ ನೋವಿರೋ ಅಮ್ಮನ ಜೊತೆ ಮೂರು ದಿನ: ಯಾವ ಜಲಪಾತಕ್ಕೆ ಹೋಗಬಹುದು?

ಹಂಪಿ ಪಕ್ಕದವಳು:

ಎಲ್ಲರಿಗೂ ನಮಸ್ಕಾರ. ನಾವು ಹೊಸಪೇಟೆಯವರು. ಗಣೇಶನ ಹಬ್ಬದ ಹೊತ್ತಿಗೆ ನಮ್ಮ ಯಜಮಾನರಿಗೆ ಮೂರು ದಿನ ರಜೆ ಸಿಗುವ ಹಾಗಿದೆ. ಜಲಪಾತ ನೋಡಿಕೊಂಡು ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ಹಬ್ಬದ ದಿನವೇ ಹೊರಟರೆ ರಸ್ತೆ ಖಾಲಿ ಇರುತ್ತದೆ ಅನ್ನೋದು ಅವರ ಲೆಕ್ಕ.

ಇದೆಲ್ಲ ಶುರುವಾಗಿದ್ದು ನಮ್ಮ ಅಮ್ಮನಿಂದ. ಅವರಿಗೆ 68 ವರ್ಷ. ಹುಟ್ಟಿದ್ದು ಕಮಲಾಪುರ, ಮದುವೆಯಾಗಿ ಬಂದಿದ್ದು ಹೊಸಪೇಟೆ. ನೀರು ಮೇಲಿಂದ ಬೀಳೋದು ಅಂದರೆ ಅವರಿಗೆ ಗೊತ್ತಿರೋದು ಟಿಬಿ (ತುಂಗಭದ್ರಾ) ಡ್ಯಾಮಿನ ಗೇಟು ಮಾತ್ರ. 33 ಗೇಟುಗಳಲ್ಲಿ ಎಷ್ಟು ತೆರೆದಿದ್ದಾರೆ ಅಂತ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ಚರ್ಚೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗಂತೂ ಅಮ್ಮ ಟಿವಿ ಮುಂದಿನಿಂದ ಏಳಲೇ ಇಲ್ಲ. ಈಗ ಅವರದ್ದು ಒಂದೇ ಹಟ: "ಯಾರೂ ಬಿಡದೆ ತಾನಾಗಿಯೇ ಬೀಳೋ ನೀರು ಒಂದ್ಸಲ ನೋಡಬೇಕು."

ಸಮಸ್ಯೆ ಏನಂದ್ರೆ ಅಮ್ಮನ ಮಂಡಿ. ಸಮ ನೆಲದಲ್ಲಿ ನಿಧಾನಕ್ಕೆ ನಡೀತಾರೆ. ಇಪ್ಪತ್ತು ಮೂವತ್ತು ಮೆಟ್ಟಿಲು ಕೈ ಹಿಡಿದುಕೊಂಡು ಇಳೀತಾರೆ, ಅದಕ್ಕಿಂತ ಜಾಸ್ತಿ ಆಗಲ್ಲ. ಜೊತೆಗೆ ಪಿಯುಸಿ ಓದೋ ಮಗಳು, ನಾಲ್ಕನೇ ಕ್ಲಾಸಿನ ಮಗ. ಮಗನಿಗೆ ನೀರು ಕಂಡರೆ ಇಳಿಯಲೇಬೇಕು.

ನಮ್ಮದೇ ಸಣ್ಣ ಕಾರಿದೆ. ಎಲ್ಲರೂ ಜೋಗ ಅಂತಾರೆ. ಯೂಟ್ಯೂಬಿನಲ್ಲಿ ನೋಡಿದರೆ ಒಬ್ಬರ ವಿಡಿಯೋದಲ್ಲಿ ನೀರು ಭೋರ್ಗರೀತಾ ಇದೆ, ಇನ್ನೊಬ್ಬರ ವಿಡಿಯೋದಲ್ಲಿ ಬರೀ ಬಂಡೆ. ಯಾವುದು ನಿಜ? ಅಷ್ಟು ದೂರ ಹೋಗಿ ಬರೀ ಬಂಡೆ ನೋಡಿಕೊಂಡು ಬಂದರೆ ಅಮ್ಮ ಮುಂದಿನ ಹಬ್ಬದವರೆಗೂ ಅದನ್ನೇ ಆಡಿಕೊಳ್ತಾರೆ. ಹೋಗಿ ಬಂದವರು, ಅಲ್ಲೇ ಇರೋರು ಸ್ವಲ್ಪ ಹೇಳಿ.

ಕಿಟಕಿ ಸೀಟು:

ಮಂಡಿ ನೋವು ಅಂದ್ರಲ್ಲ, ಅದಕ್ಕೆ ನನ್ನ ಮತ ದೂಧಸಾಗರಕ್ಕೆ. 310 ಮೀಟರ್ ಎತ್ತರದಿಂದ ಮಹದಾಯಿ ನದಿ ಹಂತ ಹಂತವಾಗಿ ಇಳಿಯುತ್ತದೆ. ಅದರ ಎದುರಿನ ಸೇತುವೆ ಮೇಲೇ ರೈಲು ಹಾದುಹೋಗುತ್ತದೆ. ಒಂದು ಮೆಟ್ಟಿಲೂ ಇಳಿಯೋದು ಬೇಡ. ನಿಮ್ಮ ಊರಿನವರಿಗೆ ಇನ್ನೂ ಸುಲಭ. ಹೌರಾದಿಂದ ವಾಸ್ಕೋಗೆ ಹೋಗೋ ಅಮರಾವತಿ ಎಕ್ಸ್‌ಪ್ರೆಸ್ ಹೊಸಪೇಟೆ ಮೇಲೇ ಬರುತ್ತದೆ. ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್ ರಾಕ್‌ನಿಂದ ಘಾಟಿ ಇಳಿಯುತ್ತದೆ. ವಾರದಲ್ಲಿ ಕೆಲವೇ ದಿನ ಇರೋದು, ವೇಳಾಪಟ್ಟಿ ನೋಡಿಕೊಳ್ಳಿ. ಹಗಲು ಹೊತ್ತಿನಲ್ಲಿ ಘಾಟಿ ಇಳಿಯೋ ರೈಲೇ ಆಗಬೇಕು, ಇಲ್ಲದಿದ್ದರೆ ದುಡ್ಡು ದಂಡ.

ಆದರೆ ನೋಡಲು ಸಿಗೋದು ಸ್ವಲ್ಪ ಹೊತ್ತು ಅಷ್ಟೇ. ಅಲ್ಲಿ ಇಳಿಯೋದು, ಹಳಿ ಮೇಲೆ ನಡೆಯೋದು ಎರಡೂ ನಿಷಿದ್ಧ. 2023ರ ಜುಲೈನಲ್ಲಿ ಹಾಗೆ ನಡೆದು ಹೋದವರಿಗೆ ಪೊಲೀಸರು ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದ ವಿಡಿಯೋ ನೀವೂ ನೋಡಿರಬಹುದು.

ಅಡಿಕೆತೋಟ:

ತಂಗಿ, ನಮ್ಮ ಮನೆ ಸಿದ್ದಾಪುರ ತಾಲ್ಲೂಕಿನಲ್ಲಿ. ಮಳೆ ಒಂದೆರಡು ದಿನ ಹೊಳವಾದರೆ ಸಾಕು, ನಮಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋ ಗಡಿಬಿಡಿ. ಸರಿಯಾಗಿ ಅದೇ ಹೊತ್ತಿಗೆ ಬೆಂಗಳೂರಿನ ನೆಂಟರ ಫೋನು: "ಜೋಗದಲ್ಲಿ ನೀರಿದೆಯಾ?" ಔಷಧಿ ಹೊಡೆಯೋ ಕೊನೆಗೌಡ ಮರದ ಮೇಲೆ, ನಾನು ಕೆಳಗೆ ಮೈಲುತುತ್ತ ಸುಣ್ಣ ಕಲಸುತ್ತಾ ಉತ್ತರ ಹೇಳಬೇಕು. ಹಾಗಾಗಿ ಈ ವಿಷಯ ನನಗೆ ಬಾಯಿಪಾಠ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಎತ್ತರ ನೋಡಿ ಜಲಪಾತ ಆರಿಸಬೇಡಿ. ಎಲ್ಲರೂ ಮಾಡೋದು ಅದನ್ನೇ. ಕ್ವಿಜ್ ಪುಸ್ತಕದಲ್ಲಿ ಕುಂಚಿಕಲ್ ಅಬ್ಬಿ 455 ಮೀಟರ್, ದೇಶದಲ್ಲೇ ದೊಡ್ಡದು ಅಂತ ಇರುತ್ತದೆ. ಅದನ್ನು ಓದಿಕೊಂಡು ಮಾಸ್ತಿಕಟ್ಟೆ ಕಡೆ ಬಂದು ಜಲಪಾತ ಎಲ್ಲಿ ಅಂತ ಕೇಳೋರಿದ್ದಾರೆ. ಅಲ್ಲಿ ಬೀಳಬೇಕಾದ ವಾರಾಹಿ ನದಿಗೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ನೀರೆಲ್ಲ ನೆಲದೊಳಗಿನ ವಿದ್ಯುದಾಗಾರಕ್ಕೆ ಹೋಗುತ್ತದೆ. ಜೋರು ಮಳೆಯಲ್ಲಿ ಬಿಟ್ಟರೆ ಅಲ್ಲಿ ನೀರೇ ಇಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು ನದಿ ಯಾವುದು, ಅದಕ್ಕೆ ಮೇಲೆ ಅಣೆಕಟ್ಟು ಇದೆಯಾ ಅಂತ. ನಿಮ್ಮ ಎರಡು ವಿಡಿಯೋದ ಗುಟ್ಟೂ ಅದೇ.

ಜೋಗದ ವಿಷಯ ಹೇಳ್ತೀನಿ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ನದಿ. ಜೋಗದಲ್ಲಿ 253 ಮೀಟರ್, ಅಂದರೆ 830 ಅಡಿ ಬೀಳುತ್ತದೆ. ಅದಕ್ಕಿಂತ ಸುಮಾರು ಆರು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದ್ದು. ಅಲ್ಲಿ ನಿಂತ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. ಅದರ ಸಾಮರ್ಥ್ಯ 1035 ಮೆಗಾವ್ಯಾಟ್. ಜಲಪಾತದಲ್ಲಿ ಬೀಳಬೇಕಾದ ನೀರು ಹೀಗೆ ಬೇರೆ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನಿಮಗೆ ಬಂಡೆ ಕಾಣೋದು ಇದಕ್ಕೇ. ಯಾರನ್ನೂ ಬಯ್ಯೋಕೆ ಹೇಳ್ತಿಲ್ಲ, ನಮ್ಮ ಮನೆಯ ದೀಪವೂ ಅದರಲ್ಲೇ ಉರಿಯೋದು. ಆದರೆ ಆ ಹಿನ್ನೀರಿನಲ್ಲಿ ಊರು, ಗದ್ದೆ ಮುಳುಗಿ ಎದ್ದು ಬಂದವರು ಈಗಲೂ ಸಾಗರ, ಹೊಸನಗರ ಕಡೆ ಇದ್ದಾರೆ. ಅವರ ಹತ್ತಿರ ಜೋಗ ಚೆಂದ ಅಂತ ಹೇಳುವಾಗ ಸ್ವಲ್ಪ ತಡವರಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಕಥೆ ಬೇರೆ. ಅಣೆಕಟ್ಟಿನ ಗೇಟು ಮುಚ್ಚಿದ್ದರೂ ಅದರ ಕೆಳಗಿನ ಕಾಡಿನಲ್ಲಿ ಸುರಿದ ಮಳೆ ಹರಿದು ಬರುತ್ತದೆ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಬೇರೆ ಬೇರೆಯಾಗಿ ಕಾಣೋದು ಆಗಲೇ. ಲಿಂಗನಮಕ್ಕಿ ತುಂಬಿ ಗೇಟು ತೆರೆದರೆ ನಾಲ್ಕೂ ಒಂದೇ ಆಗಿ, ಎದುರು ನಿಂತವರಿಗೆ ಹೊಗೆಯಂಥ ಹನಿ ಬಿಟ್ಟು ಏನೂ ಕಾಣದೆ ಇರಬಹುದು. ಜನ ಕೇಳೋದು ಗೇಟು ತೆರೆದ ಜೋಗವನ್ನೇ. ನನಗೆ ಇಷ್ಟ ಅದಕ್ಕಿಂತ ಮೊದಲಿನದ್ದು. ರಾಜ ನೇರವಾಗಿ ಬೀಳೋದು, ರಾಣಿ ಬಂಡೆ ಮೇಲೆ ಹರಡಿಕೊಂಡು ಇಳಿಯೋದು ಬೇರೆ ಬೇರೆಯಾಗಿ ಕಂಡರೆ ತಾನೇ ಆ ಹೆಸರಿಗೊಂದು ಅರ್ಥ?

ನಿಮ್ಮ ಅಮ್ಮನಿಗೆ ಜೋಗ ಸುಲಭ. ಸಾಗರದ ಕಡೆಯಿಂದ ಹೋದರೆ ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಎದುರಿಗೇ ಜಲಪಾತ. ಕೆಳಗೆ ಗುಂಡಿಗೆ ಇಳಿಯುವ ಮೆಟ್ಟಿಲು 1,400ರಷ್ಟಿವೆ. ಅದು ನಿಮ್ಮ ಮಗಳಿಗೂ ಬೇಡ. ಜೋರು ಮಳೆಯಲ್ಲಿ ಸಾಮಾನ್ಯವಾಗಿ ಬಿಡೋದೂ ಇಲ್ಲ. ಸಿದ್ದಾಪುರದ ಕಡೆ ಬ್ರಿಟಿಷ್ ಬಂಗಲೆ ಇದೆ, ಅಲ್ಲಿಂದ ರಾಜನ ನೆತ್ತಿ ಕಾಣುತ್ತದೆ. ಮೊದಲು ಜನ ಬಂಡೆಯ ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ಇಣುಕುತ್ತಿದ್ದರು. ಈಗ ಬಿಡೋದಿಲ್ಲ, ಬಿಡಬಾರದು ಕೂಡ.

ಆದರೆ ನಿಮ್ಮ ಅಮ್ಮ ಕೇಳಿದ್ದು ಯಾರೂ ಬಿಡದೆ ಬೀಳೋ ನೀರು ಅಲ್ವಾ? ಅದಕ್ಕೆ ಸರಿಯಾದ ಉತ್ತರ ಜೋಗ ಅಲ್ಲ, ಉಂಚಳ್ಳಿ.

ಉಂಚಳ್ಳಿ ಇರೋದು ನಮ್ಮ ತಾಲ್ಲೂಕಿನಲ್ಲೇ, ಹೆಗ್ಗರಣೆ ಹತ್ತಿರ. ನದಿ ಅಘನಾಶಿನಿ. ಶಿರಸಿ ಕಡೆ ಹುಟ್ಟಿ ಕುಮಟಾ ಹತ್ತಿರ ಸಮುದ್ರ ಸೇರುವವರೆಗೆ ಅದಕ್ಕೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಮೇಲೆ ಮಳೆ ಬಂದರೆ ಇಲ್ಲಿ ನೀರು ಏರುತ್ತದೆ, ಮಳೆ ನಿಂತರೆ ಇಳಿಯುತ್ತದೆ. ನಡುವೆ ಯಾರ ಕೈಯೂ ಇಲ್ಲ. ಇಂಥ ನದಿ ನಮ್ಮ ಘಟ್ಟದಲ್ಲಿ ಈಗ ಎಷ್ಟು ಉಳಿದಿವೆ ಹೇಳಿ? ಅದು ಸಮುದ್ರ ಸೇರುವಲ್ಲಿ ಇವತ್ತಿಗೂ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೀತಾರೆ, ಅಳಿವೆಯಲ್ಲಿ ಬೆಳಚು (ತಿನ್ನೋ ಚಿಪ್ಪು) ಹೆಕ್ಕಿ ಬದುಕೋರಿದ್ದಾರೆ. ಆ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮೇಲಿನ ನೀರು ತಡೆಯದೆ ಹೋಗುತ್ತಿರೋದರಿಂದಲೇ ಕೆಳಗೆ ಅದೆಲ್ಲ ನಡೀತಿದೆ.

116 ಮೀಟರ್ ಎತ್ತರ. ಜೋಗದ ಅರ್ಧಕ್ಕೂ ಕಡಿಮೆ. ಆದರೆ ಇಕ್ಕಟ್ಟಾದ ಕಣಿವೆಯಲ್ಲಿ ಇಡೀ ನದಿ ಒಟ್ಟಿಗೆ ಬೀಳುತ್ತದೆ. ಸದ್ದು ಎಷ್ಟು ಅಂದರೆ ಊರವರು ಅದನ್ನು ಕರೆಯೋದು ಕೆಪ್ಪ ಜೋಗ ಅಂತ. ಪಕ್ಕದಲ್ಲಿ ನಿಂತವರ ಮಾತು ಕೇಳಿಸೋದಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಕಲೆಕ್ಟರ್ ಲಷಿಂಗ್ಟನ್ ಹೆಸರನ್ನೂ ಇದಕ್ಕೆ ಅಂಟಿಸಿದ್ದಾರೆ, ಬೋರ್ಡಿನಲ್ಲಿ ಹಾಗಿದ್ದರೆ ಗಲಿಬಿಲಿ ಆಗಬೇಡಿ. ಅವರು ಬಂದಿದ್ದು 1845ರಲ್ಲಂತೆ. ಅದಕ್ಕೆ "ಕಂಡುಹಿಡಿದರು" ಅಂತ ಬರೀತಾರೆ. ಅಲ್ಲಿ ತೋಟ ಮಾಡಿಕೊಂಡಿದ್ದವರಿಗೆ ಆ ಸದ್ದು ಅದಕ್ಕೂ ಮೊದಲು ಕೇಳ್ತಿರಲಿಲ್ಲವೇನೋ!

ಇಲ್ಲಿ ತೊಂದರೆ ಮೆಟ್ಟಿಲು. ಗಾಡಿ ಬಿಟ್ಟ ಮೇಲೆ ಸ್ವಲ್ಪ ಕಾಡುದಾರಿ, ಆಮೇಲೆ ಇಳಿಯಬೇಕು. ಅಮ್ಮನಿಗೆ ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ. ಪೂರ್ತಿ ಕೆಳಗಿನ ಜಾಗಕ್ಕೆ ಹೋಗಲೇಬೇಕು ಅಂತಿಲ್ಲ. ಇಳಿಯೋವಾಗ ಏನೂ ಅನ್ನಿಸೋದಿಲ್ಲ, ಹತ್ತುವಾಗ ಮಂಡಿ ಮಾತಾಡುತ್ತದೆ.

ಇನ್ನೊಂದು ಮಾಗೋಡು. ನೀವು ಬರೋ ಹೆದ್ದಾರಿಯಲ್ಲೇ ಬೀಳುತ್ತದೆ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಎಲ್ಲ ಒಂದೇ ರಸ್ತೆ, ಅದೇ ಮುಂದೆ ಅಂಕೋಲಾಕ್ಕೆ ಹೋಗೋದು. ಯಲ್ಲಾಪುರದಿಂದ ಒಳಗೆ 17-18 ಕಿಲೋಮೀಟರ್. ಅಲ್ಲಿ ಬೇಡ್ತಿ ನದಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ನೋಡೋದು ಕಣಿವೆಯ ಈಚೆ ದಡದಿಂದ, ದೂರದಿಂದ. ನಡಿಗೆ ಕಡಿಮೆ. ಮೈ ಒದ್ದೆಯಾಗೋ ಜಲಪಾತ ಅಲ್ಲ, ಕೂತು ನೋಡೋದು.

ಈ ಬೇಡ್ತಿ ಧಾರವಾಡ-ಹುಬ್ಬಳ್ಳಿ ಕಡೆಯಿಂದ ಬರುವ ನದಿ. ಇದನ್ನು ವರದಾ ನದಿಗೆ ಜೋಡಿಸುವ ಯೋಜನೆಯ ಮಾತು ಆಗಾಗ ಏಳುತ್ತದೆ. ವರದೆ ಸೇರೋದು ನಿಮ್ಮ ತುಂಗಭದ್ರೆಗೆ. ಅಂದರೆ ಮಾಗೋಡಿನಲ್ಲಿ ಬೀಳೋ ನೀರಿನಲ್ಲಿ ಒಂದು ಪಾಲು ನಿಮ್ಮ ಡ್ಯಾಮಿಗೆ ಬರಬೇಕು ಅನ್ನೋ ಲೆಕ್ಕ. ನಮ್ಮ ಕಡೆ ಇದಕ್ಕೆ ವಿರೋಧ ಜೋರಿದೆ, ನಾನೂ ಸಭೆಗೆ ಹೋಗಿ ಕೂತವನೇ. ಸುಮ್ನೆ ಹೇಳಿದೆ.

ಮತ್ತೆ ಚೌತಿ ದಿನ ಮಾತ್ರ ಹೊರಡಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ರಸ್ತೆ ಖಾಲಿ ಇರೋದು ನಿಜ. ಜೊತೆಗೆ ಹೋಟೆಲೂ ಖಾಲಿ, ಅಡುಗೆ ಭಟ್ಟರೂ ಇರೋದಿಲ್ಲ. ಉತ್ತರ ಕನ್ನಡದಲ್ಲಿ ಚೌತಿ ಅಂದರೆ ಮನೆ ಹಬ್ಬ, ಎಲ್ಲಿದ್ದವರೂ ಊರಿಗೆ ಹೋಗಿರುತ್ತಾರೆ. ಹಬ್ಬ ಮುಗಿದು ಮೂರ್ನಾಲ್ಕು ದಿನ ಬಿಟ್ಟು ಬನ್ನಿ. ಮಳೆಯೂ ಆ ಹೊತ್ತಿಗೆ ಬಿಟ್ಟು ಬಿಟ್ಟು ಬರುತ್ತಿರುತ್ತದೆ. ಜುಲೈನಲ್ಲಿ ನೀರು ಜಾಸ್ತಿ ಇರುತ್ತದೆ ಅಂತ ಓಡಿಬಂದು ಮಂಜು ನೋಡಿಕೊಂಡು ಹೋಗೋರೇ ಹೆಚ್ಚು.

ಕರದಂಟು:

ಅಡಿಕೆತೋಟದವರು ಎಲ್ಲರನ್ನೂ ತಮ್ಮ ತಾಲ್ಲೂಕಿಗೇ ಎಳೆದುಕೊಂಡರಲ್ಲ! ನಮ್ಮ ಗೋಕಾಕ ಯಾರಿಗೂ ನೆನಪೇ ಆಗೋದಿಲ್ಲ.

ಅಕ್ಕಾ, ನಿಮ್ಮದು ಬಯಲುಸೀಮೆ, ನಮ್ಮದೂ ಬಯಲುಸೀಮೆ. ನಮ್ಮಲ್ಲಿ ಘಟ್ಟ ಇಲ್ಲ, ದಟ್ಟ ಕಾಡಿಲ್ಲ, ಜಿಗಣೆ ಇಲ್ಲ. ಘಟಪ್ರಭಾ ಸುಮ್ನೆ ಹರಿದು ಬಂದು ಕಲ್ಲಿನ ಮೇಲಿಂದ 52 ಮೀಟರ್ ಕೆಳಗೆ ಬೀಳುತ್ತದೆ, ಕುದುರೆ ಲಾಳದ ಆಕಾರದಲ್ಲಿ. ಮಳೆಗಾಲದಲ್ಲಿ ನೀರು ಕೆಂಪು ಮಣ್ಣಿನ ಬಣ್ಣ. ಬೆಳ್ಳಗೆ ಹಾಲಿನ ಹಾಗೆ ಬೀಳಬೇಕು ಅನ್ನೋರಿಗೆ ಹಿಡಿಸೋದಿಲ್ಲ, ನಮಗೆ ಇದೇ ಚೆಂದ. ರಸ್ತೆ ಪಕ್ಕದಲ್ಲೇ ಇದೆ, ಅಮ್ಮನವರಿಗೆ ಭಾಳ ಅನುಕೂಲ.

ಅಲ್ಲಿ ಹಳೇ ಮಿಲ್ ಇದೆ. 1887ರಲ್ಲೇ ಈ ನೀರಿನ ಬಲದಿಂದ ವಿದ್ಯುತ್ ಮಾಡಿ ನೂಲು ತೆಗೆಯೋಕೆ ಶುರು ಮಾಡಿದ್ದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ, ಅದೇ ಎಲ್ಲರ ಬಾಯಲ್ಲಿ. ಅದಕ್ಕಿಂತ ಹದಿನೈದು ವರ್ಷ ಮೊದಲಿನದ್ದು ನಮ್ಮದು. ನದಿ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇದೆ. ಅದರ ಮೇಲೆ ಒಮ್ಮೊಮ್ಮೆ ಬಿಡ್ತಾರೆ, ಒಮ್ಮೊಮ್ಮೆ ಇಲ್ಲ. ಪಕ್ಕದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಇದೆ, ಜಲಪಾತ ನೋಡೋ ಅವಸರದಲ್ಲಿ ಅದನ್ನು ಬಿಡಬೇಡಿ.

ಒಂದು ಮಾತು ಒಪ್ಪಬೇಕು. ಮೇಲೆ ಹಿಡಕಲ್ ಡ್ಯಾಂ ಇದೆ, ಧೂಪದಾಳದಲ್ಲಿ ಒಡ್ಡು ಇದೆ. ನಿಮ್ಮ ಅಮ್ಮನವರ ಲೆಕ್ಕದಲ್ಲಿ ಇದೂ "ಬಿಟ್ಟ ನೀರೇ". ಸಮಯ ಇದ್ದರೆ ಹತ್ತಿರದಲ್ಲೇ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ ಇದೆ, ಅದನ್ನೂ ನೋಡಬಹುದು. ಬರುವಾಗ ಕರದಂಟು ತಗೊಳ್ಳದೆ ಹೋದರೆ ನಾವು ಮಾತಾಡಿಸೋದಿಲ್ಲ.

ಹಂಪಿ ಪಕ್ಕದವಳು:

ಅಡಿಕೆತೋಟ ಅಣ್ಣಾ, ಪೂರ್ತಿ ಓದಿ ಅಮ್ಮನಿಗೂ ಓದಿ ಹೇಳಿದೆ. ಕೆಪ್ಪ ಜೋಗ ಅಂದಾಗ ನಕ್ಕು, "ಅಲ್ಲಿಗೆ ನಿಮ್ಮಪ್ಪನ್ನ ಕರ್ಕೊಂಡು ಹೋಗಬೇಕಿತ್ತು, ಹೆಂಗಿದ್ರೂ ಕೇಳಿಸ್ತಿರಲಿಲ್ಲ" ಅಂದರು. ಉಂಚಳ್ಳಿ ಅಂತೂ ಪಟ್ಟಿಗೆ ಸೇರಿತು. ಹಬ್ಬದ ದಿನದ ಮಾತು ಯಜಮಾನರು ಒಪ್ಪಿದ್ದಾರೆ, ಹೋಟೆಲ್ ಇರಲ್ಲ ಅಂದ ತಕ್ಷಣ ಒಪ್ಪಿದರು.

ಆದರೆ ಬೇಡ್ತಿ-ವರದಾ ವಿಷಯ ನೀವು ಸುಮ್ನೆ ಹೇಳಿದ್ರೂ ನಾನು ಸುಮ್ನೆ ಬಿಡೋಕೆ ಆಗಲ್ಲ. ನಮ್ಮ ಅಣ್ಣನ ಗದ್ದೆ ಕಾಲುವೆ ಕೊನೆಯಲ್ಲಿದೆ. ಡ್ಯಾಮಿನಲ್ಲಿ ಮೊದಲು 133 ಟಿಎಂಸಿ ನಿಲ್ಲುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. ಎರಡನೇ ಬೆಳೆಗೆ ನೀರಿಲ್ಲ ಅಂದ ವರ್ಷ ಅವರ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಾನು ನೋಡಿದ್ದೀನಿ. ನಿಮ್ಮ ಕಡೆ ನೀರು ಸಮುದ್ರಕ್ಕೆ ಹೋಗೋದು ನೋಡಿ ನಮ್ಮವರಿಗೆ ಹೊಟ್ಟೆ ಉರಿಯೋದು ಸಹಜ ಅಲ್ವಾ? ಜಗಳಕ್ಕೆ ಬರೆದಿದ್ದಲ್ಲ. ಬಂದಾಗ ಚಹಾ ಕುಡೀತಾ ಮಾತಾಡೋಣ.

ಗೋಕಾಕದವರಿಗೂ ಥ್ಯಾಂಕ್ಸ್. ದಸರಾ ರಜೆಗೆ ಅಕ್ಕನ ಮನೆ ಬೆಳಗಾವಿಗೆ ಹೋಗುವಾಗ ಖಂಡಿತ ನೋಡ್ತೀವಿ.

ಈಗ ಎರಡು ಪ್ರಶ್ನೆ. ಮಗ ನೀರಿಗೆ ಇಳಿಯೋಕೆ ಜೋಗ, ಉಂಚಳ್ಳಿ, ಮಾಗೋಡು ಈ ಮೂರರಲ್ಲಿ ಎಲ್ಲಿ ಆಗುತ್ತದೆ? ಯೂಟ್ಯೂಬಿನಲ್ಲಿ ಸಾತೊಡ್ಡಿ ಜಲಪಾತ ಚೆನ್ನಾಗಿ ಕಾಣ್ತು. ಇನ್ನೊಂದು, ಕಾಡು ದಾರಿ ಅಂದ್ರಲ್ಲ, ಜಿಗಣೆ ತುಂಬಾ ಇರುತ್ತಾ? ನನ್ನ ಮಗಳು ಜಿರಲೆ ಕಂಡರೇ ಮಂಚ ಹತ್ತೋಳು.

ಕಿಗ್ಗದ ಕಾಫಿ:

ನೀರಿಗೆ ಇಳಿಯೋ ಆಸೆ ಇದ್ದರೆ ಇನ್ನೊಂದು ಸಲ ಶೃಂಗೇರಿ ಕಡೆ ಬನ್ನಿ. ಕಿಗ್ಗದ ಋಷ್ಯಶೃಂಗೇಶ್ವರ ದೇವಸ್ಥಾನದಿಂದ ಸ್ವಲ್ಪ ಮುಂದೆ ಸಿರಿಮನೆ ಜಲಪಾತ. ಸುಮಾರು 40 ಅಡಿ ಅಷ್ಟೇ, ಯಾವ ಕ್ವಿಜ್‌ನಲ್ಲೂ ಬರೋದಿಲ್ಲ. ಮಳೆ ಇಳಿದ ಮೇಲೆ ಮಕ್ಕಳು ಕೆಳಗೆ ನಿಂತು ಮೈ ನೆನೆಸಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಜಾಗ ನಮ್ಮ ಸುತ್ತ ಇಲ್ಲ. ಜೋರು ಮಳೆಯಲ್ಲಿ ಅಲ್ಲೂ ಬೇಡ. ಮೇಲೆ ಗುಡ್ಡದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಏರುತ್ತದೆ, ಹೊರಗಿನವರಿಗೆ ಇದು ಗೊತ್ತಾಗೋದಿಲ್ಲ.

2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಹುಡುಗ ಜಾರಿ ಹೋಗಿದ್ದು ಎಲ್ಲರ ಫೋನಿಗೂ ಬಂದಿತ್ತು. ಅವನೇನೂ ಕುಣೀತಿರಲಿಲ್ಲ, ಸುಮ್ಮನೆ ನಿಂತಿದ್ದ. ಪಾಚಿ ಹಿಡಿದ ಬಂಡೆ ಹಾಗೆಯೇ.

ಅಡಿಕೆತೋಟ:

ತಂಗಿ, ಬೇಡ್ತಿ ವಿಷಯ ನೀವು ಹೇಳಿದ್ದು ಸರಿ. ನಿಮ್ಮ ಅಣ್ಣನ ಗದ್ದೆ ನೋಡದೆ ನಾನು ಇಲ್ಲಿ ಕೂತು ಮಾತಾಡೋದು ಸುಲಭ. ಆದರೆ ಸಮುದ್ರಕ್ಕೆ ಹೋಗೋ ನೀರು ದಂಡ ಅನ್ನೋ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಕೆಳಗೆ ಬೆಳಚು ಹೆಕ್ಕುವ ಹೆಂಗಸರನ್ನು ಕೇಳಿದರೆ ಅವರೂ ನಿಮ್ಮ ಅಣ್ಣನ ಹಾಗೇ ಮಾತಾಡ್ತಾರೆ. ಚಹಾ ಅಲ್ಲ, ಕಷಾಯ ಕೊಡ್ತೀನಿ, ಕೂತು ಮಾತಾಡೋಣ.

ಒಂದು ಚೋದ್ಯ ಹೇಳ್ತೀನಿ. ವರದೆ ಹುಟ್ಟೋದು ಸಾಗರದ ಹತ್ತಿರ, ಇಕ್ಕೇರಿ ಪಕ್ಕದ ವರದಾಮೂಲದಲ್ಲಿ. ಜೋಗದಿಂದ ಸಾಗರ 30 ಕಿಲೋಮೀಟರ್ ಅಷ್ಟೇ. ಆ ಕಡೆ ಬಿದ್ದ ಮಳೆ ಶರಾವತಿ ಸೇರಿ ಜೋಗದಲ್ಲಿ ಬಿದ್ದು ಹೊನ್ನಾವರಕ್ಕೆ ಹೋಗುತ್ತದೆ. ಈ ಕಡೆ ಬಿದ್ದದ್ದು ವರದೆಯಾಗಿ ಬನವಾಸಿ ಸುತ್ತಿ, ಗಳಗನಾಥದಲ್ಲಿ ತುಂಗಭದ್ರೆ ಸೇರಿ, ನಿಮ್ಮ 33 ಗೇಟಿನ ಮುಂದೆ ನಿಲ್ಲುತ್ತದೆ. ಒಂದೇ ಮೋಡದ ನೀರು! ಅಮ್ಮನಿಗೆ ಮೆಟ್ಟಿಲು ಆಗದಿದ್ದರೂ ವರದಾಮೂಲದಲ್ಲಿ ನಿಮ್ಮ ಊರಿನ ನೀರು ಹುಟ್ಟೋ ಜಾಗ ತೋರಿಸಬಹುದು.

ಈಗ ಸಾತೊಡ್ಡಿ. ಯಲ್ಲಾಪುರದಿಂದ 30 ಕಿಲೋಮೀಟರ್ ಮೇಲಾಗುತ್ತದೆ, ಕೊನೆಯ ರಸ್ತೆ ಸಣ್ಣ ಕಾರಿಗೆ ಕಷ್ಟ. ಎತ್ತರ 15 ಮೀಟರ್ ಅಷ್ಟೇ, ಆದರೆ ಅಗಲವಾಗಿ ಬೀಳೋದು ನೋಡೋಕೆ ಚೆನ್ನ. ಕೆಳಗೆ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು. ನವೆಂಬರ್ ಕಳೆದ ಮೇಲೆ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಈಗ ಬೇಡ, ಅಮ್ಮನ ಜೊತೆ ಅಂತೂ ಬೇಡವೇ ಬೇಡ. ಈ ಸಲದ ಮೂರರಲ್ಲಿ ಎಲ್ಲೂ ನೀರಿಗೆ ಇಳಿಯೋ ಹಾಗಿಲ್ಲ ಅಂತ ಮನೆಯಿಂದ ಹೊರಡುವ ಮೊದಲೇ ಅವನಿಗೆ ಹೇಳಿಬಿಡಿ. ಅಲ್ಲಿ ಬಂದ ಮೇಲೆ ಹೇಳಿದರೆ ರಂಪ ಮಾಡ್ತಾನೆ.

ಉಂಬಳ ಇರುತ್ತದೆ. ನೀವು ಜಿಗಣೆ ಅನ್ನೋದು. ಉಂಚಳ್ಳಿ ದಾರಿಯಲ್ಲಿ ಮಳೆ ಬಿಟ್ಟ ಹೊತ್ತಿನಲ್ಲಿ ಜಾಸ್ತಿ. ನಾವು ಹೊಗೆಸೊಪ್ಪು, ಸುಣ್ಣ ಕಾಲಿಗೆ ಸವರಿಕೊಂಡು ತೋಟಕ್ಕೆ ಇಳೀತೀವಿ. ನಿಮಗೆ ಉಪ್ಪಿನ ಪುಡಿ ಸಾಕು. ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡು, ಹತ್ತಿದ ಕಡೆ ಒತ್ತಿದರೆ ಬಿದ್ದುಹೋಗುತ್ತದೆ. ಕಿತ್ತು ಎಳೆಯಬೇಡಿ, ತುರಿಕೆ ವಾರಗಟ್ಟಲೆ ಉಳಿಯುತ್ತದೆ. ಮಗಳಿಗೆ ಮಂಚ ಸಿಗೋದಿಲ್ಲ, ಉದ್ದ ಕಾಲುಚೀಲ ಕೊಡಿಸಿ.

ನಾನು ಹೇಳೋ ದಾರಿ ಇದು. ಮೊದಲ ದಿನ ಬೆಳಗ್ಗೆ ಬೇಗ ಹೊರಟು, ಹುಬ್ಬಳ್ಳಿಯಲ್ಲಿ ತಿಂಡಿ, ಯಲ್ಲಾಪುರದಲ್ಲಿ ಊಟ, ಮಧ್ಯಾಹ್ನ ಮಾಗೋಡು. ರಾತ್ರಿ ಶಿರಸಿಯಲ್ಲಿ ಉಳಿಯಿರಿ, ಮಾರಿಕಾಂಬಾ ಗುಡಿಗೆ ಅಮ್ಮ ಹೋಗದೆ ಇರೋದಿಲ್ಲ. ಎರಡನೇ ದಿನ ಬೆಳಗ್ಗೆ ಉಂಚಳ್ಳಿ. ಹೊಟ್ಟೆ ತುಂಬ ತಿಂದು ಹೋಗಿ, ಅಲ್ಲಿ ದೊಡ್ಡ ಹೋಟೆಲ್ ಹುಡುಕಬೇಡಿ. ಯಾರಾದರೂ ಮನೆ ಊಟ ಹಾಕೋರು ಸಿಕ್ಕಿದರೆ ಅಪ್ಪೆಹುಳಿ ಇದೆಯಾ ಕೇಳಿ. ಅಲ್ಲಿಂದ ಸಿದ್ದಾಪುರದ ಮೇಲೆ ಬಂದು ರಾತ್ರಿ ಜೋಗ ಅಥವಾ ಸಾಗರ. ಮೂರನೇ ದಿನ ಬೆಳಗ್ಗೆ ಜೋಗ, ಆಮೇಲೆ ವರದಾಮೂಲ, ಇಕ್ಕೇರಿ, ಊರು. ದೂರ ಇದೆ, ರಾತ್ರಿಯಾಗುತ್ತದೆ. ಶನಿವಾರ, ಭಾನುವಾರ ಜೋಗ ಬೀಳದ ಹಾಗೆ ನೋಡಿಕೊಳ್ಳಿ.

ಹಂಪಿ ಪಕ್ಕದವಳು:

ಇದನ್ನು ಹಾಗೇ ಬರೆದಿಟ್ಟುಕೊಂಡೆ ಅಣ್ಣಾ. ಜೋಗಕ್ಕೆ ಹೋದ ದಿನ ಮಂಜು ಮುಚ್ಚಿದ್ದರೆ ಏನು ಮಾಡೋದು?

ಅಡಿಕೆತೋಟ:

ಕಾಯೋದು. ಹೋಗಿ ಐದು ನಿಮಿಷಕ್ಕೆ ಏನೂ ಕಾಣಲಿಲ್ಲ ಅಂತ ಗಾಡಿ ತಿರುಗಿಸೋರು ತುಂಬ ಜನ. ಒಂದು ಗಾಳಿ ಬಂದರೆ ಮಂಜು ಸರಿದು ಪೂರ್ತಿ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಅಮ್ಮನಿಗೆ ಕೂರೋಕೆ ಒಂದು ಮಡಚೋ ಕುರ್ಚಿ, ಎರಡು ಕೊಡೆ, ಒಂದು ಜೊತೆ ಒಣ ಬಟ್ಟೆ ಗಾಡಿಯಲ್ಲಿ ಇರಲಿ. ಮಾಡು ಇರೋ ಜಾಗದಲ್ಲಿ ಕೂತು ಬಿಸಿ ಜೋಳ ತಿನ್ನುತ್ತಾ ಒಂದು ಗಂಟೆ ಕಳೆಯಿರಿ.

ಹೊರಡುವ ಹಿಂದಿನ ದಿನ ಪೇಪರಿನಲ್ಲಿ ಲಿಂಗನಮಕ್ಕಿ ಮಟ್ಟ ನೋಡಿ. ಪೂರ್ತಿ ಮಟ್ಟ 1819 ಅಡಿ. ಅದಕ್ಕೆ ಒಂದೆರಡು ಅಡಿ ಮಾತ್ರ ಬಾಕಿ ಇದ್ದು ಮಳೆಯೂ ಇದ್ದರೆ ಗೇಟು ತೆರೆಯೋ ಸಾಧ್ಯತೆ ಇದೆ, ಆಗ ದಾರಿಯಲ್ಲಿ ಗಾಡಿ ಜಾಸ್ತಿ, ಬೆಳಗ್ಗೆ ಏಳಕ್ಕೇ ಅಲ್ಲಿರಿ. ತುಂಬ ಕೆಳಗಿದ್ದರೆ ಗಡಿಬಿಡಿ ಬೇಡ, ತಿಂಡಿ ಮುಗಿಸಿಕೊಂಡೇ ಹೋಗಿ. ಅಲ್ಲಿ ಕೆಲವು ವರ್ಷದಿಂದ ಅಭಿವೃದ್ಧಿ ಕಾಮಗಾರಿ ನಡೀತಾ ಇದೆ, 2025ರ ಶುರುವಿನಲ್ಲಿ ಅದಕ್ಕಂತಲೇ ಕೆಲವು ವಾರ ಪ್ರವೇಶ ನಿಲ್ಲಿಸಿದ್ದರು. ಹಾಗಾಗಿ ರೂಮು ಬುಕ್ ಮಾಡುವಾಗಲೇ ಈಗ ಒಳಗೆ ಬಿಡ್ತಾರಾ ಅಂತ ಒಂದು ಮಾತು ಕೇಳಿಬಿಡಿ.